ಪೆನ್ಸಿಲ್ ಗೆರೆ ನಿಲ್ಲುವ ಪುಟ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕುವ ಅಭ್ಯಾಸ ನನಗೆ ಕಾಲೇಜು ದಿನಗಳಿಂದಲೂ ಇದೆ. ಗೈಡುಗಳು, ಎಂಜಿನಿಯರಿಂಗ್ ಪಠ್ಯಗಳ ಗುಡ್ಡೆಯ ಪಕ್ಕದಲ್ಲೇ ವ್ಯಕ್ತಿತ್ವ ವಿಕಸನದ ಪುಸ್ತಕಗಳದ್ದೊಂದು ಗುಡ್ಡೆ ಯಾವಾಗಲೂ ಇರುತ್ತದೆ. ಕಳೆದ ವರ್ಷ ಅಲ್ಲಿ ಕೊಂಡ ಒಂದು ಕನ್ನಡ ಅನುವಾದದ ಮೊದಲ ಪುಟದಲ್ಲಿ ಯಾರೋ ನೀಲಿ ಶಾಯಿಯಲ್ಲಿ ದಿನಾಂಕ ಹಾಕಿ, ಅದರ ಕೆಳಗೆ ‘ಇಂದಿನಿಂದ’ ಎಂದಷ್ಟೇ ಬರೆದಿದ್ದರು. ಒಳಗೆ ಪೆನ್ಸಿಲ್ ಗೆರೆಗಳು. ಮೊದಲ ಅಧ್ಯಾಯದಲ್ಲಿ ಸಾಲು ಸಾಲಿಗೂ ಗೆರೆ, ಅಂಚಿನಲ್ಲಿ ನಕ್ಷತ್ರ. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. 43ನೇ ಪುಟದಲ್ಲಿ, ಒಂದು ಹಾಳೆ ತೆಗೆದುಕೊಂಡು ನಿಮ್ಮ ದಿನಚರಿ ಬರೆಯಿರಿ ಎಂದು ಲೇಖಕ ಮೊದಲ ಸಲ ಓದುಗನಿಗೆ ಕೆಲಸ ಹಚ್ಚುತ್ತಾನೆ. ಗೆರೆ ಅಲ್ಲಿಗೆ ನಿಂತಿದೆ. ಮುಂದಿನ ನೂರೆಂಬತ್ತು ಪುಟಗಳಲ್ಲಿ ಒಂದು ಮಡಿಕೆಯೂ ಇಲ್ಲ.

ಅಂದಿನಿಂದ ಅಲ್ಲಿಗೆ ಹೋದಾಗಲೆಲ್ಲ ಇಂಥ ಪುಸ್ತಕ ಕೈಗೆತ್ತಿಕೊಂಡು ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ. ಹೆಚ್ಚಿನವುಗಳ ಕತೆ ಹೀಗೆಯೇ. ನಮ್ಮಲ್ಲಿ ಇದಕ್ಕೆ ಆರಂಭ ಶೂರತ್ವ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ‘ಇಂದಿನಿಂದ’ ಎಂದು ಬರೆದ ಮನುಷ್ಯನಿಗೆ ಬದುಕಿನಲ್ಲಿ ಏನೋ ಒಂದು ನಿಜವಾಗಿಯೂ ಬದಲಾಗಬೇಕಿತ್ತು. ಜೇಬಿನ ದುಡ್ಡು ಕೊಟ್ಟು ಪುಸ್ತಕ ತಂದು, ನಲವತ್ತಮೂರು ಪುಟ ಕಣ್ಣಿಟ್ಟು ಓದಿದ್ದಾನೆ. ಆಮೇಲೆ ಏನಾಯಿತು?

ಇಂಥ ಪುಸ್ತಕಗಳಿಂದ ಮನುಷ್ಯ ಬದಲಾಗುತ್ತಾನೆಯೇ ಎಂದು ಕೇಳಿದರೆ ಒಬ್ಬರು ‘ಆ ಪುಸ್ತಕ ನನ್ನ ಜೀವನವನ್ನೇ ತಿರುಗಿಸಿತು’ ಎನ್ನುತ್ತಾರೆ, ಇನ್ನೊಬ್ಬರು ‘ಎಲ್ಲ ಪುಸ್ತಕದ ಬದನೆಕಾಯಿ’ ಎಂದು ಕೈಬೀಸುತ್ತಾರೆ. ಆದರೆ ಇದು ಬರೀ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ಸುಮಾರು ಐವತ್ತು ವರ್ಷಗಳಿಂದ ಮನಃಶಾಸ್ತ್ರಜ್ಞರು ಇದನ್ನು ಅಳೆದು ನೋಡುತ್ತಾ ಬಂದಿದ್ದಾರೆ, ಅವರಿಗೆ ಸಿಕ್ಕ ಉತ್ತರ ಈ ಎರಡೂ ಮಾತುಗಳಿಗಿಂತ ಬೇರೆಯದೇ ಆಗಿದೆ.

ಅಮೆರಿಕದ ಮನಃಶಾಸ್ತ್ರಜ್ಞ ಜೆರಾಲ್ಡ್ ರೋಸನ್ ಮತ್ತು ಸಂಗಡಿಗರು 1976ರಲ್ಲಿ ಹಾವಿನ ಬಗ್ಗೆ ವಿಪರೀತ ಭಯವಿದ್ದ ಕೆಲವರನ್ನು ಸೇರಿಸಿ, ಅವರ ಕೈಗೊಂದು ಕೈಪಿಡಿ ಕೊಟ್ಟರು. ಮೈ ಸಡಿಲ ಬಿಡುವುದನ್ನು ಕಲಿತು, ಹೆದರಿಕೆ ಹುಟ್ಟಿಸುವ ದೃಶ್ಯಗಳನ್ನು ಹಂತಹಂತವಾಗಿ ಮನಸ್ಸಿಗೆ ತಂದುಕೊಳ್ಳುತ್ತಾ ಭಯ ಇಳಿಸಿಕೊಳ್ಳುವ ವಿಧಾನ ಅದರಲ್ಲಿತ್ತು. ವೈದ್ಯರ ಹತ್ತಿರ ಹೋಗುವಂತಿಲ್ಲ, ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕು. ಕೊನೆಯವರೆಗೆ ಮಾಡಿದವರ ಭಯ ನಿಜಕ್ಕೂ ಇಳಿಯಿತು. ಆದರೆ ಕೊನೆಯವರೆಗೆ ಮಾಡಿದವರು ಅರ್ಧದಷ್ಟು ಜನ ಮಾತ್ರ.

ಉಳಿದ ಅರ್ಧವನ್ನೂ ದಡ ಮುಟ್ಟಿಸೋಣವೆಂದು ಮ್ಯಾನುಯೆಲ್ ಬರೇರಾ ಮತ್ತು ರೋಸನ್ ಮರುವರ್ಷ ಕೈಪಿಡಿಯನ್ನು ತಿದ್ದಿದರು. ಇಷ್ಟು ಮಾಡಿದರೆ ಇಷ್ಟು ಎಂದು ತನಗೆ ತಾನೇ ಬಹುಮಾನ ಕೊಟ್ಟುಕೊಳ್ಳುವ ಕರಾರೊಂದನ್ನು ಸೇರಿಸಿದರು. ಕೇಳಿದರೆ ಯಾರಿಗೂ ಒಳ್ಳೆಯ ಉಪಾಯವೆಂದೇ ಅನ್ನಿಸುತ್ತದೆ. ಹಳೇ ಕೈಪಿಡಿ ಸಿಕ್ಕವರಲ್ಲಿ ಮತ್ತೆ ಅರ್ಧ ಜನ ಮುಗಿಸಿದರು. ತಿದ್ದಿದ ಕೈಪಿಡಿ ಸಿಕ್ಕವರಲ್ಲಿ ಮುಗಿಸಿದವರು ಒಬ್ಬರೂ ಇಲ್ಲ.

ಈ ಪುಟ್ಟ ಪ್ರಯೋಗವನ್ನು ಓದಿದ ಮೇಲೆ ಪುಸ್ತಕದಂಗಡಿಯ ಆ ಕಪಾಟನ್ನು ನಾನು ನೋಡುವ ರೀತಿಯೇ ಬೇರೆಯಾಯಿತು. ಮನಸ್ಸಿನ ಕೆಲಸವನ್ನೇ ಓದಿ ಬಂದ ತಜ್ಞರು ಕೂತು ಯೋಚಿಸಿ ಸೇರಿಸಿದ ಒಂದು ಅಧ್ಯಾಯ ಓದುಗರನ್ನು ಪೂರ್ತಿ ಕೆಡವಿಹಾಕಿತು. ಪರೀಕ್ಷಿಸಿ ನೋಡಿದ್ದರಿಂದ ಅವರಿಗೆ ಅದು ಗೊತ್ತಾಯಿತು. ಅಂಗಡಿಯಲ್ಲಿ ಸಿಗುವ ಬಹುಪಾಲು ಪುಸ್ತಕಗಳನ್ನು ಹೀಗೆ ಯಾರೂ ಪರೀಕ್ಷಿಸಿರುವುದಿಲ್ಲ. ಕೆಮ್ಮಿನ ಸಿರಪ್ಪಿಗೂ ಪರವಾನಗಿ ಬೇಕಾದ ದೇಶದಲ್ಲಿ ‘ಮೂವತ್ತು ದಿನದಲ್ಲಿ ಹೊಸ ನೀವು’ ಎಂದು ರಕ್ಷಾಪುಟದ ಮೇಲೆ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ಪುಸ್ತಕದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಅದಕ್ಕೆ ಗಟ್ಟಿ ಪುರಾವೆಯೂ ಇದೆ. ಮನೋವೈದ್ಯ ಡೇವಿಡ್ ಬರ್ನ್ಸ್ 1980ರಲ್ಲಿ ‘ಫೀಲಿಂಗ್ ಗುಡ್’ ಎಂಬ ಪುಸ್ತಕ ಬರೆದರು. ಖಿನ್ನತೆಗೆ ಕೊಡುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನು ಓದುಗ ತಾನೇ ಅಭ್ಯಾಸ ಮಾಡುವಂತೆ ಅದರಲ್ಲಿ ಬಿಡಿಸಿಟ್ಟಿದ್ದಾರೆ. ಅಲಬಾಮಾ ವಿಶ್ವವಿದ್ಯಾಲಯದ ಫಾರೆಸ್ಟ್ ಸ್ಕೋಗಿನ್ ಮತ್ತವರ ತಂಡ ಈ ಪುಸ್ತಕವನ್ನು ಖಿನ್ನತೆ ಇದ್ದವರಿಗೆ ಕೊಟ್ಟು, ಇನ್ನಷ್ಟು ಜನರನ್ನು ಕಾಯಲು ಹೇಳಿ, ಎರಡು ಗುಂಪುಗಳನ್ನೂ ಹೋಲಿಸಿತು. 1995ರಲ್ಲಿ ಪ್ರಕಟವಾದ ಇಂಥದೊಂದು ಅಧ್ಯಯನದಲ್ಲಿ 80 ಜನರಿದ್ದರು. ನಾಲ್ಕು ವಾರದಲ್ಲಿ ಓದಿದವರು ಸ್ಪಷ್ಟವಾಗಿ ಸುಧಾರಿಸಿದರು. ಮೂರು ವರ್ಷದ ನಂತರ ಹುಡುಕಿಕೊಂಡು ಹೋಗಿ ನೋಡಿದಾಗಲೂ ಆ ಸುಧಾರಣೆ ಉಳಿದಿತ್ತು. 

ಇಷ್ಟನ್ನು ಮಾತ್ರ ಹೇಳಿ ‘ಪುಸ್ತಕವೇ ಔಷಧ’ ಎನ್ನುವವರು ಬಹಳ. ಆದರೆ ಅಧ್ಯಯನದ ವಿಧಾನವನ್ನು ವಿವರಿಸುವ ಪುಟಗಳಲ್ಲಿ ಒಂದು ಸಣ್ಣ ವಿವರವಿದೆ. ಪುಸ್ತಕ ಪಡೆದ ಪ್ರತಿಯೊಬ್ಬರಿಗೂ ಸಂಶೋಧಕರು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಚಿಕಿತ್ಸೆಯ ಮಾತಿಲ್ಲ, ಸಲಹೆ ಇಲ್ಲ. ಎಲ್ಲಿಯವರೆಗೆ ಓದಿದಿರಿ, ಅಭ್ಯಾಸ ಮಾಡಿದಿರಾ ಎಂದು ಕೇಳುವ ಕೆಲವೇ ನಿಮಿಷದ ಕರೆ.

ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಆ ಫೋನ್ ಕರೆಯಲ್ಲಿದೆ. ‘ಮಾಡಿದಿರಾ?’ ಎಂದು ಗುರುವಾರ ಒಬ್ಬರು ಕೇಳುತ್ತಾರೆ ಎಂದು ಗೊತ್ತಿದ್ದರೆ 43ನೇ ಪುಟದ ಹಾಳೆಯನ್ನು ಬುಧವಾರ ರಾತ್ರಿಯಾದರೂ ತೆಗೆದು ಬರೆಯುತ್ತೇವೆ. ನಂತರದ ವರ್ಷಗಳಲ್ಲಿ ನಡೆದ ಹಲವು ವಿಶ್ಲೇಷಣೆಗಳೂ ಇದನ್ನೇ ಹೇಳಿವೆ: ಯಾರಾದರೂ ವಿಚಾರಿಸುತ್ತಿದ್ದರೆ ಆಗುವಷ್ಟು ಉಪಯೋಗ ಒಂಟಿ ಓದಿನಿಂದ ಆಗುವುದಿಲ್ಲ. ಬ್ರಿಟನ್ನಿನಲ್ಲಿ ವೈದ್ಯರು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಗ್ರಂಥಾಲಯಕ್ಕೆ ಕಳಿಸುವ ಪದ್ಧತಿ 2003ರಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ ಆರಂಭವಾಯಿತು, 2013ರಲ್ಲಿ ಇಂಗ್ಲೆಂಡಿಗೂ ಬಂತು. ಅಲ್ಲಿನ ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ, ಅಷ್ಟೇನೂ ತೀವ್ರವಲ್ಲದ ಖಿನ್ನತೆಗೆ ಮೊದಲು ಇದನ್ನು ಕೊಟ್ಟು ನೋಡಿ ಎಂದು 2022ರಲ್ಲಿ ಹೇಳಿದ್ದೂ ಬರೀ ಪುಸ್ತಕವನ್ನಲ್ಲ, ತರಬೇತಿ ಪಡೆದ ಒಬ್ಬರು ಜೊತೆಗಿದ್ದು ಓದಿಸುವ ಕ್ರಮವನ್ನು.

ಪುಸ್ತಕ ಎಂಥದು ಎಂಬುದೂ ಮುಖ್ಯ. ಹಾವಿನ ಭಯ, ಖಿನ್ನತೆ, ನಿದ್ದೆ ಬಾರದಿರುವುದು, ಹೀಗೆ ಒಂದೇ ತೊಂದರೆಯನ್ನು ಹಿಡಿದು ಇಂದು ಇದನ್ನು ಮಾಡು, ನಾಳೆ ಅದನ್ನು ಮಾಡು ಎಂದು ಹೇಳುವ ಪುಸ್ತಕಗಳಲ್ಲೇ ಪುರಾವೆ ಸಿಕ್ಕಿರುವುದು. ‘ಯಶಸ್ಸು’, ‘ಸಂಪತ್ತು’, ‘ಗೆಲುವು’ ಎಂದು ಇಡೀ ಬದುಕನ್ನೇ ಒಟ್ಟಿಗೆ ಎತ್ತಿಕೊಡುವ ಪುಸ್ತಕಗಳಿಗೆ ಅಂಥ ಆಧಾರವಿಲ್ಲ. ಅವುಗಳಲ್ಲಿ ಪದೇ ಪದೇ ಬರುವ ಕೆಲವು ಉಪದೇಶಗಳಂತೂ ಕೆಲವರಿಗೆ ತೊಂದರೆಯನ್ನೇ ಮಾಡುತ್ತವೆ.

ಕನ್ನಡಿ ಮುಂದೆ ನಿಂತು ನಿಮ್ಮನ್ನು ನೀವೇ ಹೊಗಳಿಕೊಳ್ಳಿ ಎಂಬ ಸಲಹೆಯನ್ನೇ ನೋಡಿ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪರೀಕ್ಷಿಸಿದರು. ‘ನಾನು ಪ್ರೀತಿಗೆ ಯೋಗ್ಯ’ ಎಂಬರ್ಥದ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ಸ್ವಲ್ಪ ಹಿತವೆನಿಸಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ, ಹಾಗೆ ಹೇಳಿಕೊಳ್ಳದ ತಮ್ಮಂಥವರಿಗಿಂತ ಹೆಚ್ಚು ಬೇಸರವಾಯಿತು. ಯಾರಿಗೆ ಬೇಕೆಂದು ಈ ಮಂತ್ರ ಹೇಳಿಕೊಡುತ್ತಾರೋ ಅವರಿಗೇ ಅದು ಚುಚ್ಚಿತು. ಬಾಯಿ ಹೇಳುವುದನ್ನು ಮನಸ್ಸು ಒಳಗೊಳಗೇ ಅಲ್ಲಗಳೆಯುತ್ತಿದ್ದರೆ ಹೀಗಾಗುವುದು ಸಹಜ.

ಕನಸು ಕಾಣಿ, ಕಣ್ಣೆದುರು ತಂದುಕೊಳ್ಳಿ, ಅದು ತಾನಾಗಿ ಒಲಿದು ಬರುತ್ತದೆ ಎನ್ನುವ ಮಾತೂ ಅಷ್ಟೇ. ಜರ್ಮನಿಯ ಮನಃಶಾಸ್ತ್ರಜ್ಞೆ ಗೇಬ್ರಿಯೆಲ್ ಎಟ್ಟಿಂಗೆನ್ ಮತ್ತು ಥಾಮಸ್ ವಾಡೆನ್ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರನ್ನು ಒಂದು ವರ್ಷ ಗಮನಿಸಿದರು. ‘ಇದು ನನ್ನಿಂದ ಆದೀತು’ ಎಂದು ನಂಬಿದ್ದವರು ಹೆಚ್ಚು ತೂಕ ಇಳಿಸಿದರು. ಆದರೆ ತೆಳ್ಳಗಾದ ತಮ್ಮನ್ನು ಕಲ್ಪಿಸಿಕೊಂಡು ಸುಖಿಸುತ್ತಿದ್ದವರು, ಅಷ್ಟು ಬಣ್ಣದ ಕನಸು ಕಾಣದವರಿಗಿಂತ ಸುಮಾರು 11 ಕಿಲೋದಷ್ಟು ಕಡಿಮೆ ಇಳಿಸಿದರು. ಕನಸಿನಲ್ಲೇ ಊರು ಸೇರಿದವನಿಗೆ ಬಸ್ಸು ಹತ್ತುವ ಆತುರ ಉಳಿಯುವುದಿಲ್ಲ. ನಂಬಿಕೆ ಬೇರೆ, ಹಗಲುಗನಸು ಬೇರೆ. ಎಷ್ಟೋ ಪುಸ್ತಕಗಳು ಎರಡನ್ನೂ ಧನಾತ್ಮಕ ಚಿಂತನೆ ಎಂಬ ಒಂದೇ ಹೆಸರಿನಲ್ಲಿ ಮಾರುತ್ತವೆ.

ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಈಗ ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಗಾದೆಯಂತೆ ಓಡಾಡುತ್ತದೆ. ಅದರ ಬೇರು 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದ ಪುಸ್ತಕದಲ್ಲಿದೆ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕಡಿಮೆಯೆಂದರೂ ಇಪ್ಪತ್ತೊಂದು ದಿನ ಬೇಕಾಗುತ್ತದೆ ಎಂದು ಅವರು ಬರೆದಿದ್ದರು. ಆಮೇಲಿನವರು ‘ಕಡಿಮೆಯೆಂದರೂ’ ಎಂಬುದನ್ನು ಬಿಟ್ಟರು, ಮುಖವನ್ನೂ ಬಿಟ್ಟರು, ಸಂಖ್ಯೆಯನ್ನು ಮಾತ್ರ ಇಟ್ಟುಕೊಂಡರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದು ಕೆಲಸ ರೂಢಿಯಾಗಲು ಬೇಕಾದ ಕಾಲ 18 ದಿನದಿಂದ 254 ದಿನದವರೆಗೂ ಹರಡಿಕೊಂಡಿತ್ತು, ನಡುವಿನ ಅಂಕಿ 66. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿರಲಿಲ್ಲ. ಇಪ್ಪತ್ತೆರಡನೇ ದಿನ ಬೆಳಗ್ಗೆ ಏಳಲು ಮೈ ಬಗ್ಗದಿದ್ದಾಗ ‘ನನ್ನಲ್ಲೇ ಏನೋ ಐಬಿದೆ’ ಎಂದು ಕೈಬಿಟ್ಟವರಿಗೆ ಈ ಎರಡು ಸಂಗತಿ ಮೊದಲೇ ತಿಳಿದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು.

ಗೆದ್ದ ಉಪಾಯಗಳು ಕೇಳಲು ಸಪ್ಪೆ. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ವಾರದಲ್ಲಿ ಒಮ್ಮೆಯಾದರೂ ಇಪ್ಪತ್ತು ನಿಮಿಷ ವ್ಯಾಯಾಮ ಮಾಡಲು ಹೇಳಿದರು. ಏನೂ ವಿಶೇಷ ಮಾಡದ ಗುಂಪಿನಲ್ಲಿ ಮತ್ತು ವ್ಯಾಯಾಮದ ಲಾಭಗಳನ್ನು ಮನವರಿಕೆ ಮಾಡಿಕೊಡುವ ಬರಹ ಓದಿದ ಗುಂಪಿನಲ್ಲಿ ನೂರಕ್ಕೆ 40ರಷ್ಟು ಜನರೂ ಮಾಡಲಿಲ್ಲ, ಬರಹ ಓದಿದ್ದರಿಂದ ಏನೂ ಹೆಚ್ಚಲಿಲ್ಲ. ಅದೇ ಬರಹ ಓದಿ, ಜೊತೆಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೇನೆ ಎಂದು ಒಂದು ಸಾಲು ಬರೆದುಕೊಟ್ಟ ಮೂರನೇ ಗುಂಪಿನಲ್ಲಿ 91ರಷ್ಟು ಜನ ಮಾಡಿದರು. ಸ್ಫೂರ್ತಿ ತುಂಬುವ ಬರಹವೊಂದರಿಂದಲೇ ಆಗದ್ದು, ದಿನ, ಗಂಟೆ, ಜಾಗ ಬರೆದ ಒಂದು ಸಾಲು ಸೇರಿದಾಗ ಆಯಿತು.

ಇಲ್ಲಿಯವರೆಗೆ ಪುಸ್ತಕದ ಸತ್ವದ ಮಾತಾಯಿತು. ನನಗೆ ನಿಜವಾಗಿ ಸಂಕಟವಾಗುವುದು ಬೇರೊಂದು ಕಡೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಕೋಣೆಗಳಿಗೆ ಹೋಗಿ ನೋಡಿ. ಗೋಡೆಯ ಮೇಲೆ ಗೆಲುವಿನ ಸೂತ್ರಗಳ ಚೀಟಿಗಳಿರುತ್ತವೆ, ಗೆದ್ದವನು ಮನಸ್ಸು ಮಾಡಿದ್ದರಿಂದಲೇ ಗೆದ್ದ ಎಂಬ ಮಾತಿರುತ್ತದೆ. ಹಾಗಾದರೆ ಸೋತವನು ಮನಸ್ಸು ಮಾಡಲಿಲ್ಲ ಎಂದಾಯಿತಲ್ಲ! 2024ರ ಆಗಸ್ಟಿನಲ್ಲಿ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಅನುವಾದದ ತಪ್ಪುಗಳು ತುಂಬಿದ್ದವು. ಪರೀಕ್ಷೆಯನ್ನು ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಬಾಡಿಗೆ, ಮೆಸ್ಸಿನ ದುಡ್ಡು, ವಯೋಮಿತಿ ಎಲ್ಲವನ್ನೂ ಲೆಕ್ಕ ಹಾಕಿಕೊಂಡು ಕಾಯುವವರ ಕಷ್ಟಕ್ಕೆ ಅವರ ಚಿಂತನೆ ಕಾರಣವಾಗಿರಲಿಲ್ಲ. ಹುದ್ದೆ ಎಷ್ಟು, ಅಧಿಸೂಚನೆ ಯಾವಾಗ, ಮನೆಯಲ್ಲಿ ಎಷ್ಟು ಸಾಲ ಎಂಬುದನ್ನೆಲ್ಲ ಬದಿಗಿಟ್ಟು ಎಲ್ಲ ಭಾರವನ್ನೂ ಓದುಗನ ತಲೆಯ ಮೇಲಿಡುವ ಪುಸ್ತಕ ಎಷ್ಟೇ ಸಿಹಿಯಾಗಿ ಬರೆದಿದ್ದರೂ ಅನ್ಯಾಯದ ಪುಸ್ತಕ. ಕುಗ್ಗಿಹೋದ ಒಬ್ಬ ಹುಡುಗನಿಗೆ ಅದು ‘ಇದೂ ನಿನ್ನದೇ ತಪ್ಪು’ ಎಂದು ಹೇಳುತ್ತದೆ.

ಅಂಥ ಹೊತ್ತಿನಲ್ಲಿ ಬೇಕಾಗುವ ಪುಸ್ತಕವೂ ಕನ್ನಡದಲ್ಲಿದೆ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಲವು ದಶಕಗಳಿಂದ ಬರೆದ ನೂರಾರು ಪುಸ್ತಕ, ಕಿರುಪುಸ್ತಕಗಳು ನಮ್ಮೂರ ಗ್ರಂಥಾಲಯಗಳಲ್ಲಿ ಸಿಗುತ್ತವೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸಾಯುವ ಯೋಚನೆ ಬರುವುದು ಮಾಟವೂ ಅಲ್ಲ, ಸೋಮಾರಿತನವೂ ಅಲ್ಲ, ಕಾಯಿಲೆ. ಇದಕ್ಕೆ ಮದ್ದಿದೆ, ವೈದ್ಯರನ್ನು ಕಾಣಿ ಎಂದು ಹಳ್ಳಿಯ ಓದುಗನಿಗೂ ಅರ್ಥವಾಗುವ ಮಾತಿನಲ್ಲಿ ತಿಳಿಸುವ ಬರಹ ಅದು. ಓದುಗನನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳದೆ, ಸಹಾಯ ಸಿಗುವ ಬಾಗಿಲಿಗೆ ದಾರಿ ತೋರಿಸುವುದು ಪುಸ್ತಕ ಮಾಡಬಹುದಾದ ದೊಡ್ಡ ಕೆಲಸ. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇದ್ದವರಲ್ಲಿ ಚಿಕಿತ್ಸೆಯೇ ಸಿಗದವರು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟಿದ್ದರು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವ್ಯಕ್ತಿತ್ವ ವಿಕಸನದ ಪ್ರತಿ ಪುಸ್ತಕದ ಕೊನೆಯ ಪುಟದಲ್ಲೂ ಆ ಸಂಖ್ಯೆಯನ್ನು ಅಚ್ಚು ಹಾಕಬೇಕು.

ಫೋನ್ ಮಾಡಿ ವಿಚಾರಿಸುವವರ ಮಾತಿಗೆ ಮತ್ತೆ ಬರುತ್ತೇನೆ. ಈ ಇಡೀ ಪ್ರಕಾರಕ್ಕೆ ಹೆಸರು ಕೊಟ್ಟಿದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಪ್ರಕಟಿಸಿದ ‘ಸೆಲ್ಫ್ ಹೆಲ್ಪ್’. ಮೊದಲ ವರ್ಷವೇ ಅದರ 20 ಸಾವಿರ ಪ್ರತಿಗಳು ಹೋದವು. ಆ ಪುಸ್ತಕ ಹುಟ್ಟಿದ ಬಗೆಯನ್ನು ಸ್ಮೈಲ್ಸ್ ತಾವೇ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತೀರಾ ಬಡತನದ ಕೆಲವು ಯುವಕರು ಚಳಿಗಾಲದ ಸಂಜೆ ಒಟ್ಟಿಗೆ ಕೂತು, ಬಲ್ಲವರು ಬಾರದವರಿಗೆ ಓದು, ಬರಹ, ಲೆಕ್ಕ ಹೇಳಿಕೊಡುತ್ತಿದ್ದರು. ಇಬ್ಬರು ಮೂವರಿದ್ದವರು ನೂರರ ಹತ್ತಿರ ಬಂದಾಗ, ಕಾಲರಾ ರೋಗಿಗಳನ್ನು ಇರಿಸಿದ್ದ, ಯಾರೂ ಬಾಡಿಗೆಗೆ ಬಾರದಿದ್ದ ಒಂದು ದೊಡ್ಡ ಕೋಣೆಯನ್ನು ಹಿಡಿದರು. ನಮ್ಮ ಜೊತೆ ಒಂದಿಷ್ಟು ಮಾತಾಡಿ ಎಂದು ಸ್ಮೈಲ್ಸ್‌ರನ್ನು ಕರೆದರು. ಆ ಮಾತುಗಳೇ ಬೆಳೆದು ಪುಸ್ತಕವಾದವು. ಪುಸ್ತಕ ಲೋಕವನ್ನೆಲ್ಲ ಸುತ್ತಿತು, ಕಾಲರಾ ಕೋಣೆಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತಿದ್ದು ಮಾತ್ರ ಲೀಡ್ಸ್‌ನಲ್ಲೇ ಉಳಿಯಿತು.

ಕುಡಿತ ಬಿಡಲು ಹೆಣಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೂ 1939ರಲ್ಲಿ ಬಂದ ಒಂದು ಪುಸ್ತಕವಿದೆ. ಆದರೆ ಅದನ್ನು ಓದುವುದು ಸಭೆಯಲ್ಲಿ. ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಇದ್ದ 27 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ ಈ ಕೂಟಕ್ಕೆ ಜನರನ್ನು ಕ್ರಮವಾಗಿ ಸೇರಿಸುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗೆ ಸಮನಾಗಿ, ಎಷ್ಟೋ ಸಲ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡಿತ್ತು. ನಮ್ಮ ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ, ಖಿನ್ನತೆ ತೀವ್ರವಾಗಿದ್ದವರ ಜೊತೆ ಮಾತಾಡಲು ಮನಃಶಾಸ್ತ್ರದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟರು. ಆರೆಂಟು ಭೇಟಿಗಳು, ಮನೆಯಲ್ಲಿ ಮಾಡಬೇಕಾದ ಚಿಕ್ಕ ಚಿಕ್ಕ ಕೆಲಸಗಳು, ಮುಂದಿನ ಸಲ ಬಂದಾಗ ವಿಚಾರಣೆ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳಲ್ಲಿ ಈ ಗುಂಪಿನ ಶೇ 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಉಪಚಾರ ಪಡೆದವರಲ್ಲಿ ಶೇ 39.

ನಮ್ಮ ಭಾಷೆಯಲ್ಲಿ ‘ಸ್ವಸಹಾಯ’ ಎಂದರೆ ಮೊದಲು ಏನು ನೆನಪಾಗುತ್ತದೆ? ಪುಸ್ತಕವಲ್ಲ, ಸಂಘ. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದ ಸಣ್ಣ ಸಣ್ಣ ಗುಂಪುಗಳು, 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕಿನ ಜೊತೆ ಜೋಡಿಸಿದ್ದು, 2000–01ರಲ್ಲಿ ಬಂದ ಸ್ತ್ರೀಶಕ್ತಿ ಯೋಜನೆ ಇವೆಲ್ಲ ಸೇರಿ ಆ ಪದಕ್ಕೆ ಕನ್ನಡದಲ್ಲಿ ಒಂದು ಸ್ಪಷ್ಟ ಚಿತ್ರ ಕೊಟ್ಟಿವೆ: ಹತ್ತರಿಂದ ಇಪ್ಪತ್ತು ಹೆಂಗಸರು, ವಾರಕ್ಕೊಂದು ಸಭೆ, ಒಂದು ನಡಾವಳಿ ಪುಸ್ತಕ. ಸಾಲದ ಕಂತಿಗಾಗಿ ಒಬ್ಬರನ್ನೊಬ್ಬರು ಹಿಂಡುವ ಸಂಘಗಳೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಹೋದ ವಾರ ಹೇಳಿದ್ದನ್ನು ಈ ವಾರ ಕೇಳುವ ಕ್ರಮ ಅಲ್ಲಿ ಇದ್ದೇ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲೊಂದು ಕಪಾಟು, ಅದರ ಮುಂದೆ ವಾರಕ್ಕೊಂದು ಸಂಜೆ ಹತ್ತು ಜನ ಕೂರುವ ಚಾಪೆ ಇದ್ದರೆ ನಿದ್ದೆ, ಕುಡಿತ, ಸಿಟ್ಟು, ಸಾಲದ ಚಿಂತೆಯ ಬಗೆಗಿನ ಪುಸ್ತಕಗಳು ಮೂರನೇ ಅಧ್ಯಾಯವನ್ನು ದಾಟಿಯಾವು.

ಅರಸೀಕೆರೆ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಸಾಕ್ಷರತಾ ಆಂದೋಲನದ ಕಾಲದಲ್ಲಿ ಕೊಟ್ಟ ಅಕ್ಷರ ಕಲಿಸುವ ಪುಸ್ತಕವೊಂದು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಹಾಗೇ ಇತ್ತು. ಚಿಕ್ಕಮ್ಮ ಅದನ್ನು ಅರಿಶಿನ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದರು, ಓದಿರಲಿಲ್ಲ. ಸಂಘ ಸೇರಿದಾಗ ಅವರಿಗೆ ಐವತ್ತರ ಹತ್ತಿರ ಹತ್ತಿರ. ಸಂಘದ ಎರಡನೇ ಪ್ರತಿನಿಧಿ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಒಬ್ಬ ಸೊಸೆ, ಪ್ರತಿ ಮಂಗಳವಾರ ದೇವಸ್ಥಾನದ ಜಗುಲಿಯ ಮೇಲೆ ಹಾಜರಿ ಹಾಕಿಸುವಾಗ ‘ಅಕ್ಕಾ, ಬರ್ಕಂಡ್ ಬಂದ್ರಾ?’ ಎಂದು ಕೇಳುತ್ತಿದ್ದಳು. ಬರೆದಿಲ್ಲ ಎಂದರೆ ಬೈಯುತ್ತಿರಲಿಲ್ಲ, ಮುಂದಿನ ಮಂಗಳವಾರ ಮತ್ತೆ ಕೇಳುತ್ತಿದ್ದಳು. ಪೆಟ್ಟಿಗೆಯಿಂದ ಆ ಪುಸ್ತಕ ಹೊರಬಂತು. ಒಲೆಯ ಮುಂದೆ ಕೂತು, ಮೊಮ್ಮಗನ ಸ್ಲೇಟಿನ ಮೇಲೆ ಚಿಕ್ಕಮ್ಮ ತಮ್ಮ ಹೆಸರಿನ ಮೂರು ಅಕ್ಷರ ತಿದ್ದುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಮೊನ್ನೆ ಹೋದಾಗ ಆ ಹಳೇ ನಡಾವಳಿ ಪುಸ್ತಕ ತೋರಿಸಿದರು. ರಟ್ಟು ಕಿತ್ತುಹೋಗಿದೆ, ಅಂಚನ್ನು ಗೆದ್ದಲು ತಿಂದಿದೆ. ಮೊದಲ ಪುಟಗಳಲ್ಲಿ ಅವರ ಹೆಸರಿನ ಮುಂದೆ ನೇರಳೆ ಬಣ್ಣದ ಹೆಬ್ಬೆಟ್ಟಿನ ಗುರುತು, ವಾರದ ಮೇಲೆ ವಾರ, ಒಂದರ ಕೆಳಗೊಂದು. ಹಾಳೆ ತಿರುವುತ್ತಾ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. ಅಲ್ಲಿ ಗೆರೆಯಿಂದ ಕೆಳಗೆ ಇಳಿದ, ಒಂದು ಒತ್ತಕ್ಷರ ಬಿಟ್ಟುಹೋದ, ಬಾಲ್ ಪೆನ್ನನ್ನು ಹಾಳೆ ತೂತಾಗುವಷ್ಟು ಒತ್ತಿ ಬರೆದ ಅವರ ಸಹಿಯಿತ್ತು.